ಕೂಟವೂ ವಿಭಾಗವೂ

ಇಬ್ಬರು ಎದುರುಬದುರು ಕುಳಿತು ಒಂದು ವಿಷಯವನ್ನು ಚರ್ಚಿಸುವುದಕ್ಕೆ ನಮ್ಮ ನೈಯಾಯಿಕರು ‘ಕಥೆ’ ಎಂದು ಹೆಸರಿಟ್ಟು, ಅದನ್ನು ಮೂರು ಬಗೆಯಾಗಿ ವಿಂಗಡಿಸಿರುವರು. ತತ್ತ್ವವನ್ನು ತಿಳಿಯಬೇಕೆಂಬ ಆಶೆಯಿಂದ ನಡೆಯುವುದು ವಾದ. ಗೆಲ್ಲಲೇಬೇಕೆಂಬ ಹಟದಿಂದ ನಡೆಯುವುದು ಜಲ್ಪ. ತನ್ನದೆಂಬ ಪಕ್ಷವೊಂದನ್ನೂ ನಿಲ್ಲಿಸದೆ, ಎದುರಿನವನ ಪಕ್ಷವನ್ನು ಕೆಡಹುವುದಷ್ಟನ್ನೇ ಗುರಿಯಾಗಿ ಉಳ್ಳದ್ದು ವಿತಂಡೆ. ಹೊರಗಿನಿಂದ ನೋಡುವವರಿಗೆ ಈ ಮೂರರ ರೂಪವೂ ಒಂದೇ. ಇಬ್ಬರು ಮಾತನಾಡುತ್ತಿರುವರು, ಕಾರಣಗಳನ್ನು ಒಡ್ಡುತ್ತಿರುವರು. ಭೇದವಿರುವುದು ಒಳಗಿನ ಉದ್ದೇಶದಲ್ಲಿ. ಇಬ್ಬರ ನಡುವೆ ಜಲ್ಪವೋ ವಿತಂಡೆಯೋ ನಡೆದರೆ ಕೆಡುವುದು ಒಂದು ಸಂಜೆ ಮಾತ್ರ. ಒಂದು ದೇಶಕ್ಕೆ ದೇಶವೇ ಅದರಲ್ಲಿ ತೊಡಗಿದರೆ ಕೆಡುವುದು ಎಷ್ಟೆಂಬುದನ್ನು ತಿಳಿಯಬೇಕಾದರೆ, ಬ್ರಿಟನ್ ದೇಶವು ಐರೋಪ್ಯ ಒಕ್ಕೂಟವನ್ನು ಬಿಟ್ಟು ಹೊರಬಂದ ಸಂಗತಿಯನ್ನು ನೋಡಬಹುದು.

೨೦೧೬ನೆಯ ಇಸವಿಯ ಜೂನ್ ೨೩ರಂದು ಆ ದೇಶದವರು ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂಬ ಪ್ರಶ್ನೆಗೆ ಮತ ಕೊಟ್ಟರು. ‘ಬ್ರೆಕ್ಸಿಟ್’ ಎಂಬ ಒರಟು ಶಬ್ದದಿಂದ ಲೋಕವೆಲ್ಲ ಅದನ್ನು ಕರೆಯಿತು. ಪರದೇಶದ ಈ ವ್ಯಾಜ್ಯ ನಮಗೇಕೆ ಎಂದು ವಾಚಕರು ಕೇಳಬಹುದು. ಅಣ್ಣತಮ್ಮಂದಿರು ಬೇರೆಯಾಗಿ ಹಿಸ್ಸೆ ಮಾಡಿಕೊಂಡುದನ್ನು ಕಾಣದ ಮನೆತನ ನಮ್ಮಲ್ಲಿ ಯಾವುದಿದೆ? ಕೂಡಿರುವುದರ ಸುಖವೇನು, ಬೇರೆಯಾಗುವುದರ ನ್ಯಾಯವೇನು ಎಂಬ ಪ್ರಶ್ನೆ ಮನುಷ್ಯಮಾತ್ರರಿಗೆಲ್ಲ ಸಂಬಂಧಿಸಿದ್ದು. ಅಲ್ಲದೆ, ಮುಂದೆ ಹೇಳುವಂತೆ, ಆ ದಿನ ಮತ ಕೊಟ್ಟವರಲ್ಲಿ ನಮ್ಮವರೂ ಇದ್ದರು.

ಮೊದಲು ಈ ಕೂಟವು ಹೇಗೆ ಹುಟ್ಟಿತೆಂಬುದನ್ನು ನೋಡೋಣ. ೧೮೭೦, ೧೯೧೪, ೧೯೩೯ ಎಂದು ಎಪ್ಪತ್ತು ವರ್ಷಗಳೊಳಗೆ ಮೂರು ಸಲ ಫ್ರಾನ್ಸೂ ಜರ್ಮನಿಯೂ ಯುದ್ಧಕ್ಕಿಳಿದವು. ಕಲ್ಲಿದ್ದಲು, ಉಕ್ಕು ಇವೆರಡಿಲ್ಲದೆ ಆ ಕಾಲದ ಯುದ್ಧ ನಡೆಯದು. ಇವನ್ನು ಉಭಯ ದೇಶಗಳಿಗೂ ಸಮಾನವಾದ ಒಂದು ಆಡಳಿತದ ಕೆಳಗೆ ತಂದರೆ, ಒಬ್ಬರು ಇನ್ನೊಬ್ಬರಿಗೆ ತಿಳಿಯದಂತೆ ಆಯುಧ ಮಾಡುವುದು ಸಾಧ್ಯವಾಗದೆಂದು ಫ್ರಾನ್ಸಿನ ವಿದೇಶಾಂಗ ಮಂತ್ರಿಯಾಗಿದ್ದ ರಾಬರ್ಟ್ ಷೂಮನ್ ಎಂಬವರು ೧೯೫೦ರ ಮೇ ೯ರಂದು ಸಾರಿದರು. ಮರುವರ್ಷ ಫ್ರಾನ್ಸು, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಎಂಬ ಆರು ದೇಶಗಳು ಪ್ಯಾರಿಸಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ೧೯೫೭ರಲ್ಲಿ ರೋಮಿನ ಒಪ್ಪಂದದಿಂದ ಅದು ಒಂದು ಆರ್ಥಿಕ ಸಮುದಾಯವಾಯಿತು. ೧೯೯೩ರಲ್ಲಿ ಐರೋಪ್ಯ ಒಕ್ಕೂಟವೆಂಬ ಹೆಸರನ್ನು ತಳೆಯಿತು.

ಬ್ರಿಟನ್ ಮೊದಲು ದೂರ ನಿಂತಿತು. ಸಾಮ್ರಾಜ್ಯದ ನೆನಪೂ, ಸಮುದ್ರದ ಅಗಳೂ ಅದಕ್ಕೆ ಸಾಕಾಗಿದ್ದವು. ೧೯೬೧ರಲ್ಲಿ ಅದು ಬಂದು ಬಾಗಿಲು ತಟ್ಟಿದಾಗ ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಅವರು ೧೯೬೩ರಲ್ಲಿ ಒಮ್ಮೆ, ೧೯೬೭ರಲ್ಲಿ ಇನ್ನೊಮ್ಮೆ ಬೇಡವೆಂದರು. ಕಡೆಗೆ ೧೯೭೩ರ ಜನವರಿ ೧ರಂದು, ಎಡ್ವರ್ಡ್ ಹೀತ್ ಅವರು ಪ್ರಧಾನಿಯಾಗಿದ್ದಾಗ, ಐರ್ಲೆಂಡು ಮತ್ತು ಡೆನ್ಮಾರ್ಕುಗಳೊಡನೆ ಅದು ಒಳಕ್ಕೆ ಬಂದಿತು. ಎರಡೇ ವರ್ಷಕ್ಕೆ, ೧೯೭೫ರಲ್ಲಿ, ಇರಬೇಕೇ ಎಂದು ಜನರನ್ನು ಕೇಳಿದಾಗ ನೂರಕ್ಕೆ ೬೭ ಮಂದಿ ಇರೋಣವೆಂದರು. ಹೀಗೆ ತಡವಾಗಿ ಬಂದ ಈ ಸೊಸೆಯು ಅತ್ತೆಮನೆಯ ರೂಢಿಗಳಲ್ಲಿ ಹಲವನ್ನು ಒಪ್ಪಲಿಲ್ಲ. ಸಮಾನ ನಾಣ್ಯವಾದ ಯೂರೋ ತನಗೆ ಬೇಡವೆಂದಳು. ಗಡಿಯಲ್ಲಿ ರಹದಾರಿ ನೋಡದೆ ಬಿಡುವ ಷೆಂಗೆನ್ ಏರ್ಪಾಡು ಬೇಡವೆಂದಳು. ೧೯೮೪ರಲ್ಲಿ ಮಾರ್ಗರೆಟ್ ಥ್ಯಾಚರ್ ಅವರು ಹೋರಾಡಿ, ದೇಶವು ಕೊಡತಕ್ಕ ವಂತಿಗೆಯಲ್ಲಿ ಒಂದು ಭಾಗವನ್ನು ಬಿಡಿಸಿಕೊಂಡರು.

ಇನ್ನು ಪಕ್ಷಪ್ರತಿಪಕ್ಷಗಳ ವಿಚಾರ. ಒಂದು ಮತವನ್ನು ಖಂಡಿಸುವುದಕ್ಕೆ ಮುಂಚೆ, ಆ ಮತದವನೇ ತಲೆದೂಗಿ ‘ಅಹುದು, ನಾನು ಹೇಳಬೇಕೆಂದುದು ಇದನ್ನೇ’ ಎನ್ನುವಂತೆ ಅದನ್ನು ನಿರೂಪಿಸಬೇಕೆಂಬುದು ನಮ್ಮ ಶಾಸ್ತ್ರಗ್ರಂಥಗಳ ಪದ್ಧತಿ. ಎರಡು ಪಕ್ಷಗಳನ್ನೂ ಹಾಗೆಯೇ ಹೇಳಲು ಪ್ರಯತ್ನಿಸುವೆನು.

ಬಿಡಬೇಕೆಂದವರ ಮುಖ್ಯವಾದ ಹೇತು ಇದು: ನನ್ನನ್ನು ಆಳುವ ಶಾಸನವನ್ನು ಮಾಡುವವನನ್ನು ಕೆಳಗಿಳಿಸುವ ಅಧಿಕಾರ ನನ್ನ ಕೈಯಲ್ಲಿರಬೇಕು. ಒಕ್ಕೂಟದಲ್ಲಿ ಹೊಸ ಶಾಸನಗಳನ್ನು ಸೂಚಿಸುವ ಅಧಿಕಾರವಿರುವುದು ಬ್ರಸೆಲ್ಸ್ ನಗರದಲ್ಲಿರುವ ಆಯೋಗಕ್ಕೆ. ಅದರ ಸದಸ್ಯರನ್ನು ಯಾವ ಊರಿನ ಮತದಾರನೂ ನೇರವಾಗಿ ಆರಿಸುವುದಿಲ್ಲ, ತೆಗೆದುಹಾಕುವಂತೆಯೂ ಇಲ್ಲ. ಒಕ್ಕೂಟದ ಶಾಸನಕ್ಕೂ ದೇಶದ ಶಾಸನಕ್ಕೂ ವಿರೋಧ ಬಂದರೆ ಮೊದಲಿನದೇ ಪ್ರಬಲವೆಂದು ಲಕ್ಸೆಂಬರ್ಗಿನ ನ್ಯಾಯಾಲಯವು ೧೯೬೪ರಲ್ಲಿಯೇ ಹೇಳಿತು. ಇದು ಬರಿಯ ಹೇಳಿಕೆಯಾಗಿ ಉಳಿಯಲಿಲ್ಲ. ಬ್ರಿಟನ್ನಿನ ಪಾಲಿನ ಮೀನನ್ನು ಸ್ಪೇನಿನವರ ಒಡೆತನದ ಹಡಗುಗಳು ಹಿಡಿಯದಂತೆ ೧೯೮೮ರಲ್ಲಿ ಪಾರ್ಲಿಮೆಂಟು ಒಂದು ಶಾಸನವನ್ನು ಮಾಡಿತು. ಆ ಹಡಗುಗಳವರು ವ್ಯಾಜ್ಯ ಹೂಡಿದರು. ಲಕ್ಸೆಂಬರ್ಗಿನ ತೀರ್ಪನ್ನು ಅನುಸರಿಸಿ ೧೯೯೦ರಲ್ಲಿ ಬ್ರಿಟನ್ನಿನ ಅತ್ಯುಚ್ಚ ನ್ಯಾಯಪೀಠವೇ ತನ್ನ ಪಾರ್ಲಿಮೆಂಟಿನ ಶಾಸನವನ್ನು ಜಾರಿಗೆ ಬಾರದಂತೆ ತಡೆಯಬೇಕಾಯಿತು. ಪಾರ್ಲಿಮೆಂಟಿಗೆ ಮೀರಿದ ಪ್ರಭುವಿಲ್ಲವೆಂದು ಶತಮಾನಗಳಿಂದ ನಂಬಿದ ಜನರಿಗೆ ಇದು ಎಷ್ಟು ಕಸಿವಿಸಿಯನ್ನು ತಂದಿರಬೇಕೆಂಬುದನ್ನು ಊಹಿಸಬಹುದು.

ಎರಡನೆಯ ಹೇತು ಜನಸಂಚಾರಕ್ಕೆ ಸಂಬಂಧಿಸಿದ್ದು. ಒಕ್ಕೂಟದ ಯಾವ ದೇಶದವನಾದರೂ ಯಾವ ದೇಶದಲ್ಲಾದರೂ ನೆಲಸಿ ದುಡಿಯಬಹುದು. ೨೦೦೪ರಲ್ಲಿ ಹತ್ತು ದೇಶಗಳು ಹೊಸದಾಗಿ ಸೇರಿದುವು. ಅವುಗಳಲ್ಲಿ ಹೆಚ್ಚಿನವು ಪೂರ್ವ ಯೂರೋಪಿನ ಬಡದೇಶಗಳು. ಹಳೆಯ ಸದಸ್ಯದೇಶಗಳಲ್ಲಿ ಬಹುಪಾಲು ತಮ್ಮ ಬಾಗಿಲನ್ನು ಕೆಲವು ವರ್ಷ ಓರೆಮಾಡಿಕೊಂಡಿದ್ದುವು. ಬ್ರಿಟನ್, ಐರ್ಲೆಂಡು, ಸ್ವೀಡನ್ ಈ ಮೂರು ಮಾತ್ರ ಕೂಡಲೇ ತೆರೆದುವು. ಪೂರ್ವತೀರದ ಬಾಸ್ಟನ್ ಎಂಬ ಬೇಸಾಯದ ಊರಿಗೆ ಕೋಸು, ಗೆಡ್ಡೆಗಳನ್ನು ಕೀಳುವ ಕೆಲಸಕ್ಕೆ ಸಾವಿರಾರು ಮಂದಿ ಬಂದು ತುಂಬಿದರು. ಶಾಲೆ, ಚಿಕಿತ್ಸಾಲಯ, ಬಾಡಿಗೆಮನೆ ಇವು ಅದೇ ವೇಗದಲ್ಲಿ ಬೆಳೆಯಲಿಲ್ಲ. ನಮ್ಮನ್ನು ಕೇಳದೆ ನಮ್ಮ ಊರು ಬದಲಾಯಿತೆಂಬ ಅಲ್ಲಿಯವರ ಕೊರಗನ್ನು ಬರಿಯ ದ್ವೇಷವೆಂದು ತಳ್ಳಿಹಾಕಲಾಗದು. ಆ ಊರಿನಲ್ಲಿ ನೂರಕ್ಕೆ ೭೫ಕ್ಕಿಂತ ಹೆಚ್ಚು ಮಂದಿ ಬಿಡಬೇಕೆಂದೇ ಮತ ಕೊಟ್ಟರು.

ಮೂರನೆಯದು ವ್ಯಾಪಾರದ ಸ್ವಾತಂತ್ರ್ಯ. ಒಕ್ಕೂಟದೊಳಗಿರುವ ದೇಶವು ಹೊರದೇಶಗಳೊಡನೆ ಪ್ರತ್ಯೇಕವಾಗಿ ಸುಂಕದ ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಎಲ್ಲರ ಪರವಾಗಿ ಒಕ್ಕೂಟವೇ ಮಾಡಬೇಕು. ಎಲ್ಲರನ್ನೂ ಒಪ್ಪಿಸಿ ಹೊರಡುವ ತೇರು ಮೆಲ್ಲಗೇ ಸಾಗುವುದು ಸಹಜ.

ಇನ್ನು ಇರಬೇಕೆಂದವರ ಪಕ್ಷ. ಸ್ವಾತಂತ್ರ್ಯವೆಂದರೆ ಒಂಟಿಯಾಗಿರುವುದಲ್ಲ, ಫಲವನ್ನು ಪಡೆಯುವ ಶಕ್ತಿ ಎಂಬುದು ಅವರ ಮೂಲಸೂತ್ರ. ಇಂದಿನ ಲೋಕದಲ್ಲಿ ಒಂದು ಔಷಧಕ್ಕೋ ಯಂತ್ರಕ್ಕೋ ಇರಬೇಕಾದ ಗುಣವೇನೆಂಬ ನಿಯಮವನ್ನು ದೊಡ್ಡ ಪೇಟೆಗಳು ಗೊತ್ತುಮಾಡುತ್ತವೆ. ಒಳಗಿದ್ದರೆ ಆ ನಿಯಮವನ್ನು ಬರೆಯುವ ಪಂಕ್ತಿಯಲ್ಲಿ ಬ್ರಿಟನ್ನಿನ ಮಂತ್ರಿಯೂ ಕುಳಿತಿರುತ್ತಾನೆ. ಹೊರಕ್ಕೆ ಹೋದರೂ ಅಲ್ಲಿ ಮಾರಬೇಕಾದರೆ ಅದೇ ನಿಯಮವನ್ನು ಪಾಲಿಸಲೇಬೇಕು; ಆದರೆ ಬರೆಯುವಾಗ ಬಾಯಿರದು. ಆ ದೇಶದ ರಫ್ತಿನಲ್ಲಿ ನೂರಕ್ಕೆ ೪೦ಕ್ಕಿಂತ ಹೆಚ್ಚು ಒಕ್ಕೂಟದ ದೇಶಗಳಿಗೇ ಹೋಗುತ್ತಿದ್ದಾಗ ಇದು ಅಲ್ಪವಾದ ಮಾತಲ್ಲ. ಆಯೋಗವು ಸೂಚಿಸಿದ ಶಾಸನವು, ಸದಸ್ಯದೇಶಗಳ ಮಂತ್ರಿಗಳ ಸಭೆಯೂ, ಹೆಚ್ಚಿನ ವಿಷಯಗಳಲ್ಲಿ ಜನರೇ ಆರಿಸಿದ ಐರೋಪ್ಯ ಪಾರ್ಲಿಮೆಂಟೂ ಒಪ್ಪದೆ ಜಾರಿಗೆ ಬಾರದು. ಆದುದರಿಂದ ಮತದಾರನ ಕೈಗೆ ಏನೂ ಎಟುಕದೆಂಬುದು ಪೂರ್ತಿ ನಿಜವಲ್ಲ. ಮೀನಿನ ದೃಷ್ಟಾಂತಕ್ಕೂ ಅವರಲ್ಲಿ ಉತ್ತರವಿತ್ತು: ಆ ಸ್ಪೇನಿನವರ ಹಡಗುಗಳಲ್ಲಿ ಎಷ್ಟೋ ಹಡಗುಗಳನ್ನು ಅವರಿಗೆ ಮಾರಿದವರು ಬ್ರಿಟಿಷರೇ ಆಗಿದ್ದರು.

ಎರಡನೆಯದಾಗಿ, ಬಂದ ಜನರಂತೆ ಹೋದ ಜನರೂ ಉಂಟು. ಬ್ರಿಟನ್ನಿನ ಹುಡುಗನು ಬರ್ಲಿನಿನಲ್ಲಿ ಓದಬಹುದಾಗಿತ್ತು, ವೃದ್ಧ ದಂಪತಿಗಳು ಸ್ಪೇನಿನ ಬಿಸಿಲಿನಲ್ಲಿ ನೆಲಸಬಹುದಾಗಿತ್ತು. ತಂದೆಯು ಬಿಟ್ಟುಕೊಟ್ಟ ಹಕ್ಕು ಮಗನಿಗೆ ಮರಳಿ ಬರುವುದೆಂಬ ಭರವಸೆ ಏನು? ಮೂರನೆಯದಾಗಿ, ಇದು ಸುಂಕದ ಲೆಕ್ಕಕ್ಕಾಗಿ ಹುಟ್ಟಿದ ಕೂಟವಲ್ಲ. ಮೂರು ಯುದ್ಧಗಳ ಬೂದಿಯ ಮೇಲೆ ಕಟ್ಟಿದ ಚಪ್ಪರ. ಅದರ ಒಂದು ಕಂಬವನ್ನು ಕಿತ್ತರೆ ಬೀಳದಿರಬಹುದು, ಆದರೆ ಅಲುಗದೆ ಇರದು.

ಎರಡೂ ಪಕ್ಷಗಳನ್ನು ಹೀಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುವುದು. ಮೊದಲಿನವರು ಕೇಳಿದ ಪ್ರಶ್ನೆ ‘ತೀರ್ಮಾನ ಯಾರದು?’ ಎಂಬುದು. ಎರಡನೆಯವರು ಕೇಳಿದ್ದು ‘ಯೋಗಕ್ಷೇಮ ಹೇಗೆ?’ ಎಂಬುದು. ಒಂದಕ್ಕೆ ಕೊಟ್ಟ ಉತ್ತರ ಇನ್ನೊಂದನ್ನು ಖಂಡಿಸಲಾರದು. ಬೇರೆಯಾಗಿ ಹೋಗುವೆನೆಂಬ ತಮ್ಮನಿಗೆ ‘ಹೋದರೆ ನಿನಗೆ ನಾಲ್ಕು ಪಲ್ಲ ಭತ್ತ ಕಡಮೆಯಾಗುತ್ತದೆ’ ಎಂದು ಅಣ್ಣನು ಹೇಳಿದರೆ, ‘ಆಗಲಿ, ಗಂಜಿಯನ್ನಾದರೂ ನನ್ನ ಒಲೆಯಲ್ಲಿ ಕಾಯಿಸಿಕೊಳ್ಳುತ್ತೇನೆ’ ಎಂದು ತಮ್ಮನು ಹೇಳಬಹುದು. ಅಣ್ಣನ ಲೆಕ್ಕವೂ ಸರಿ, ತಮ್ಮನ ಉತ್ತರವೂ ಸರಿ. ಆದರೆ ಗಂಜಿಯನ್ನು ಉಣ್ಣಬೇಕಾದ ಮಕ್ಕಳಿಗೆ ಅದನ್ನು ಮೊದಲೇ ತಿಳಿಸತಕ್ಕದ್ದು ನ್ಯಾಯ.

ಇಲ್ಲಿ ನನ್ನ ಶಿಷ್ಯನೊಬ್ಬನ ವಿಚಾರವನ್ನು ಹೇಳಬೇಕಾಗಿದೆ. ಆತನು ವೈದ್ಯ, ಇಂಗ್ಲೆಂಡಿನ ನಡುನಾಡಿನ ಒಂದು ಊರಿನ ಆಸ್ಪತ್ರೆಯಲ್ಲಿ ಆಗ ಕೆಲಸದಲ್ಲಿದ್ದನು. ಭಾರತದ ಪ್ರಜೆಯಾಗಿಯೇ ಇದ್ದರೂ ಆ ಜನಮತಗಣನೆಯಲ್ಲಿ ಅವನಿಗೆ ಮತವಿದ್ದಿತು. ಏಕೆಂದರೆ ಕಾಮನ್‌ವೆಲ್ತ್ ರಾಷ್ಟ್ರಗಳ ಪ್ರಜೆಗಳಾಗಿ ಅಲ್ಲಿ ನೆಲಸಿದ್ದವರಿಗೆ ಮತದ ಹಕ್ಕನ್ನು ಕೊಟ್ಟಿದ್ದರು. ಆದರೆ ಐರ್ಲೆಂಡು, ಮಾಲ್ಟಾ, ಸೈಪ್ರಸ್‌ಗಳವರನ್ನು ಬಿಟ್ಟರೆ ಒಕ್ಕೂಟದ ಮಿಕ್ಕ ದೇಶಗಳ ಪ್ರಜೆಗಳಿಗೆ, ಅವರು ಎಷ್ಟು ವರ್ಷ ಅಲ್ಲಿ ಬಾಳಿದ್ದರೂ, ಮತವಿರಲಿಲ್ಲ. ಅವನು ಕಾಗದ ಬರೆದನು: “ಪೂಜ್ಯ ಗುರುಗಳೇ, ನಮ್ಮ ವಾರ್ಡಿನಲ್ಲಿ ಸ್ಪೇನಿನ ದಾದಿಯೊಬ್ಬಳಿದ್ದಾಳೆ. ಹದಿನೈದು ವರ್ಷದಿಂದ ಇಲ್ಲಿದ್ದಾಳೆ. ನಾನು ಬಂದು ಆರು ವರ್ಷ. ಅವಳ ಬಾಳಿನ ಪ್ರಶ್ನೆಗೆ ನಾನು ಮತ ಹಾಕಬೇಕು, ಅವಳು ಸುಮ್ಮನೆ ನೋಡುತ್ತಿರಬೇಕು. ಇನ್ನೊಂದು ಕಡೆಯಿಂದ ನೋಡಿದರೆ, ನಾನು ಇಲ್ಲಿಗೆ ಬರಲು ಎಷ್ಟು ಪರೀಕ್ಷೆ ಬರೆದೆ, ಎಷ್ಟು ಹಣ ಕಟ್ಟಿದೆ, ಎಷ್ಟು ದಿನ ಸಾಲಿನಲ್ಲಿ ನಿಂತೆ! ಅವಳು ಒಂದು ಟಿಕೆಟ್ಟು ಕೊಂಡು ಬಂದಳು. ಎಲ್ಲರಿಗೂ ಒಂದೇ ಬಾಗಿಲಾಗಲಿ ಎಂದು ಬಿಡುವ ಪಕ್ಷದವರು ಹೇಳುವಾಗ ನನ್ನ ಮನಸ್ಸು ಅತ್ತ ವಾಲುತ್ತದೆ. ಏನು ಮಾಡಲಿ?”

ಮತ ಅವನದು; ಅದನ್ನು ಹೀಗೆ ಹಾಕೆಂದು ಹೇಳುವ ಅಧಿಕಾರ ನನಗಿಲ್ಲ. “ನಿನ್ನ ಮನಸ್ಸು ಯಾವ ಕಡೆಗೆ ವಾಲಿದೆಯೋ ಅದಕ್ಕೆ ಎದುರಾದ ಪಕ್ಷವನ್ನು ಮೊದಲು ಒಂದು ಹಾಳೆಯಲ್ಲಿ ಬರೆ. ಆ ಪಕ್ಷದವರೊಬ್ಬರಿಗೆ ತೋರಿಸು. ಅವರು ಸರಿಯೆಂದ ಮೇಲೆ ನಿನ್ನದನ್ನು ಬರೆ” ಎಂದಷ್ಟೇ ಉತ್ತರ ಬರೆದೆನು. ಅವನು ತನ್ನ ಹಾಳೆಯನ್ನು ಆ ದಾದಿಗೇ ತೋರಿಸಿದನಂತೆ. ಅವಳು ಓದಿ, ಎರಡು ಕಡೆ ತಿದ್ದಿ ಕೊಟ್ಟಳಂತೆ. ಯಾವ ಕಡೆಗೆ ಮತ ಹಾಕಿದನೆಂಬುದನ್ನು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೊದಲೇ ನೆಲಸಿದ್ದ ಐರೋಪ್ಯರು ಅರ್ಜಿ ಕೊಟ್ಟು ಅಲ್ಲಿಯೇ ಇರಬಹುದೆಂದು ಮುಂದೆ ಏರ್ಪಾಡಾಯಿತು. ಆದರೂ ಆಕೆ, ಹದಿನೈದು ವರ್ಷವಿದ್ದ ಮನೆಯಲ್ಲಿ ಇರಲು ಅಪ್ಪಣೆ ಬೇಡುವುದು ತನ್ನಿಂದಾಗದೆಂದು ತನ್ನ ಊರಿಗೆ ಹಿಂದಿರುಗಿದಳು. ಅವಳ ಸ್ಥಾನಕ್ಕೆ ಕೇರಳದಿಂದ ಒಬ್ಬಾಕೆ ಬಂದಳೆಂದು ಅವನು ಬರೆದನು.

ಆ ಒಂದು ಹಾಳೆಯ ಮೇಲೆ ನಡೆದುದು ವಾದ. ದೇಶದಲ್ಲಿ ನಡೆದುದು ಬೇರೆ. ವಾರಕ್ಕೆ ೩೫ ಕೋಟಿ ಪೌಂಡುಗಳನ್ನು ಒಕ್ಕೂಟಕ್ಕೆ ಕಳುಹಿಸುತ್ತಿದ್ದೇವೆಂದು ಬಿಡುವ ಪಕ್ಷದವರು ಕೆಂಪು ಮೋಟಾರುಬಂಡಿಯ ಮೇಲೆ ಬರೆಯಿಸಿ ಊರೂರಿಗೆ ತಿರುಗಿಸಿದರು. ಥ್ಯಾಚರ್ ಅವರ ಕಾಲದಿಂದ ಬಿಡಿಸಿಕೊಂಡ ಭಾಗವು ಆ ಲೆಕ್ಕದಲ್ಲಿ ಕಳೆದಿರಲಿಲ್ಲ. ಅಂಕಿ-ಅಂಶಗಳನ್ನು ಪರೀಕ್ಷಿಸುವ ಪ್ರಾಧಿಕಾರವೇ ಅದು ದಾರಿತಪ್ಪಿಸುವ ಮಾತೆಂದು ಹೇಳಿದರೂ ಬಂಡಿಯ ಬರಹ ಅಳಿಯಲಿಲ್ಲ. ಇತ್ತ ಇರುವ ಪಕ್ಷದಲ್ಲಿದ್ದ ಸರಕಾರದ ಖಜಾನೆಯು, ಬಿಡುವುದೆಂದು ಮತ ಬಿದ್ದ ಕೂಡಲೇ ಆರ್ಥಿಕ ಕುಸಿತವಾಗಿ ಐದು ಲಕ್ಷದಷ್ಟು ಮಂದಿ ನಿರುದ್ಯೋಗಿಗಳಾಗುವರೆಂದು ಹೆದರಿಸಿತು. ಮತ ಬಿದ್ದಿತು, ಆ ಕುಸಿತವು ಆಗ ಬರಲಿಲ್ಲ. ಒಬ್ಬರು ಆಶೆಯನ್ನು ಹಿಗ್ಗಿಸಿದರು, ಇನ್ನೊಬ್ಬರು ಭೀತಿಯನ್ನು ಹಿಗ್ಗಿಸಿದರು. ವಾದವು ಜಲ್ಪವಾಯಿತು, ಜಲ್ಪವು ವಿತಂಡೆಯಾಯಿತು.

ಮತದ ಫಲ ಹೀಗಿತ್ತು: ಬಿಡಬೇಕೆಂದವರು ೧,೭೪,೧೦,೭೪೨, ಇರಬೇಕೆಂದವರು ೧,೬೧,೪೧,೨೪೧. ಅಂದರೆ ನೂರಕ್ಕೆ ೫೨, ೪೮ರ ಆಸುಪಾಸು. ಇಂಗ್ಲೆಂಡೂ ವೇಲ್ಸೂ ಬಿಡೋಣವೆಂದವು. ಸ್ಕಾಟ್ಲೆಂಡು ನೂರಕ್ಕೆ ೬೨ರಂತೆಯೂ, ಉತ್ತರ ಐರ್ಲೆಂಡು ೫೬ರಂತೆಯೂ ಇರೋಣವೆಂದವು. ಥೇಮ್ಸ್ ನದಿಯ ದಂಡೆಯಲ್ಲಿ ನಮ್ಮ ಬಸವೇಶ್ವರರ ಪ್ರತಿಮೆಯು ೨೦೧೫ರಲ್ಲಿ ಅನಾವರಣಗೊಂಡ ಲ್ಯಾಂಬೆತ್ ಎಂಬ ಲಂಡನ್ನಿನ ಭಾಗದಲ್ಲಿ ನೂರಕ್ಕೆ ೭೮ಕ್ಕಿಂತ ಹೆಚ್ಚು ಮಂದಿ ಇರೋಣವೆಂದರು. ಬಾಸ್ಟನ್ನನ್ನೂ ಲ್ಯಾಂಬೆತ್ತನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ, ಬಿರುಕು ಬ್ರಿಟನ್ನಿಗೂ ಯೂರೋಪಿಗೂ ನಡುವೆ ಮಾತ್ರವಲ್ಲ, ಬ್ರಿಟನ್ನಿನ ಮನೆಯೊಳಗೇ ಇದ್ದಿತೆಂಬುದು ತಿಳಿಯುವುದು.

ನಮ್ಮಲ್ಲಿ ಯಾವ ಕರ್ಮಕ್ಕೂ ಮುಂಚೆ ಸಂಕಲ್ಪವುಂಟು. ದೇಶಕಾಲಗಳನ್ನು ಸ್ಮರಿಸಿ, ತನ್ನ ಹೆಸರು ಗೋತ್ರಗಳನ್ನು ಹೇಳಿ, ಬಯಸುವ ಫಲವನ್ನೂ ಮಾಡತಕ್ಕ ಕರ್ಮವನ್ನೂ ನುಡಿದ ಮೇಲೆಯೇ ನೀರು ಬಿಡಬೇಕು. ಬ್ರಿಟನ್ನಿನ ಮತಪತ್ರದಲ್ಲಿ ದೇಶವೂ ಇತ್ತು, ಕಾಲವೂ ಇತ್ತು; ಬಿಟ್ಟ ಬಳಿಕ ಮಾಡತಕ್ಕ ಕರ್ಮ ಯಾವುದೆಂಬುದು ಮಾತ್ರ ಇರಲಿಲ್ಲ. ನಾರ್ವೆಯಂತೆ, ಒಕ್ಕೂಟಕ್ಕೆ ಸೇರದೆ ಅದರ ಪೇಟೆಯ ನಿಯಮಗಳನ್ನು ಒಪ್ಪಿ, ಹಣವನ್ನೂ ಕೊಟ್ಟು ಇರುವುದೋ? ಕೆನಡಾದಂತೆ ಬರಿಯ ವ್ಯಾಪಾರದ ಒಪ್ಪಂದವೋ? ಯಾವ ಒಪ್ಪಂದವೂ ಇಲ್ಲದೆ ಎದ್ದು ನಡೆಯುವುದೋ? ಬಿಡಬೇಕೆಂದ ಒಂದೂಮುಕ್ಕಾಲು ಕೋಟಿ ಮಂದಿಯಲ್ಲಿ ಒಬ್ಬೊಬ್ಬನ ಮನಸ್ಸಿನಲ್ಲಿ ಒಂದೊಂದು ಚಿತ್ರವಿದ್ದಿತು. ಚಿತ್ರಗಳನ್ನು ಕೂಡಿಸಿ ಎಣಿಸಿದಾಗ ಬಹುಮತ ಬಂದಿತು. ಬಿಡಿಬಿಡಿಯಾಗಿ ತೆಗೆದರೆ ಯಾವುದಕ್ಕೂ ಬಹುಮತವಿರಲಿಲ್ಲ.

ಇದು ನನ್ನ ಊಹೆಯಲ್ಲ, ನಡೆದ ಸಂಗತಿ. ೨೦೧೭ರ ಮಾರ್ಚಿ ೨೯ರಂದು ಬಿಡುವ ನೋಟೀಸು ಕೊಟ್ಟುದಾಯಿತು. ಪ್ರಧಾನಿ ಥೆರೆಸಾ ಮೇ ಅವರು ಒಕ್ಕೂಟದೊಡನೆ ಮಾತನಾಡಿ ತಂದ ಕರಾರನ್ನು ೨೦೧೯ರಲ್ಲಿ ಪಾರ್ಲಿಮೆಂಟು ಮೂರು ಸಲ ತಿರಸ್ಕರಿಸಿತು. ಹಾಗಾದರೆ ನಿಮಗೆ ಬೇಕಾದುದೇನೆಂದು ಅದೇ ವರ್ಷದ ಮಾರ್ಚಿ ೨೭ರಂದು ಎಂಟು ಮಾರ್ಗಗಳನ್ನು ಸಭೆಯ ಮುಂದಿಟ್ಟರು. ಎಂಟಕ್ಕೆ ಎಂಟೂ ಬಿದ್ದುಹೋದುವು! ಹೊರಡುವ ಮುಹೂರ್ತವನ್ನು ಮೂರು ಸಲ ಮುಂದಕ್ಕೆ ಹಾಕಿದರು. ಬೋರಿಸ್ ಜಾನ್ಸನ್ ಅವರು ಪ್ರಧಾನಿಯಾಗಿ ಪಾರ್ಲಿಮೆಂಟಿನ ಅಧಿವೇಶನವನ್ನು ನಿಲ್ಲಿಸಿದುದು ಅಕ್ರಮವೆಂದು ೨೦೧೯ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ಮಂದಿ ನ್ಯಾಯಾಧೀಶರೂ ಒಮ್ಮತದಿಂದ ತೀರ್ಪಿತ್ತರು. ಪಾರ್ಲಿಮೆಂಟಿನ ಪ್ರಭುತ್ವವನ್ನು ಉಳಿಸಬೇಕೆಂದು ಹೊರಟ ಕಾರ್ಯದಲ್ಲಿ ಪಾರ್ಲಿಮೆಂಟಿನ ಬಾಗಿಲನ್ನೇ ಮುಚ್ಚಬೇಕಾಗಿ ಬಂದುದು ವಿಚಿತ್ರವಲ್ಲವೇ! ಆ ಡಿಸೆಂಬರಿನ ಚುನಾವಣೆಯಲ್ಲಿ ಜಾನ್ಸನ್ನರಿಗೆ ಬಹುಮತ ಬಂದು, ೨೦೨೦ರ ಜನವರಿ ೩೧ರಂದು ಬ್ರಿಟನ್ ಹೊರಬಿದ್ದಿತು. ವ್ಯಾಪಾರದ ಕರಾರು ಸಿದ್ಧವಾದುದು ಆ ವರ್ಷದ ಕಡೆಯ ವಾರದಲ್ಲಿ.

ವಿಭಾಗದ ವಿಷಯದಲ್ಲಿ ನಮ್ಮ ಧರ್ಮಶಾಸ್ತ್ರಕಾರರು ಬಹು ಸೂಕ್ಷ್ಮವಾಗಿ ವಿಚಾರ ಮಾಡಿರುವರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯು ಭಾರತದ ಬಹುಭಾಗದಲ್ಲಿ ಪ್ರಮಾಣಗ್ರಂಥವಾಯಿತು. ಹಂಚಕೂಡದ ವಸ್ತುಗಳೆಂದು ಮನುವು ಹೇಳಿದ ಕೆಲವನ್ನು ಆತನು ಅಲ್ಲಿ ವಿವರಿಸುತ್ತಾನೆ. ನೀರನ್ನು ಹಂಚಬಾರದು; ಬಾವಿ ಮೊದಲಾದುದನ್ನು ಸರದಿಯ ಮೇಲೆ ಬಳಸಬೇಕು. ಮನೆ ತೋಟಗಳಿಗೆ ಹೋಗಿ ಬರುವ ದಾರಿಯನ್ನು ಹಂಚಬಾರದು. ಅದು ಎಲ್ಲರದಾಗಿಯೇ ಉಳಿಯಬೇಕು. ಭೂಮಿ ಬೇರೆಯಾಗಲಿ, ಒಲೆ ಬೇರೆಯಾಗಲಿ, ನೀರೂ ದಾರಿಯೂ ಬೇರೆಯಾಗಲಾರವೆಂಬ ಈ ವಿವೇಕವನ್ನು ಬ್ರಿಟನ್ನಿನ ಕಥೆಯೊಡನೆ ಹೋಲಿಸಿ ನೋಡಿದಾಗ ನನಗೆ ಆಶ್ಚರ್ಯವಾಯಿತು.

ದಾರಿಯ ವಿಷಯವೆಂದರೆ ಐರ್ಲೆಂಡು. ಒಕ್ಕೂಟದಲ್ಲಿಯೇ ಉಳಿದ ಐರ್ಲೆಂಡಿಗೂ, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ನಡುವೆ ಸುಮಾರು ೫೦೦ ಕಿಲೋಮೀಟರ್ ಗಡಿಯುಂಟು. ಮೂವತ್ತು ವರ್ಷಗಳ ಒಳಜಗಳದಲ್ಲಿ ೩,೫೦೦ಕ್ಕಿಂತ ಹೆಚ್ಚು ಮಂದಿ ಸತ್ತರು. ೧೯೯೮ರ ಶಾಂತಿಯ ಒಪ್ಪಂದದ ಬಳಿಕ ಅಲ್ಲಿಯ ಸೈನ್ಯದ ಠಾಣೆಗಳು ಹೋದುವು. ಸುಂಕದ ಕಟ್ಟೆಗಳು ೧೯೯೩ರಲ್ಲಿ ಸಮಾನ ಪೇಟೆ ಏರ್ಪಟ್ಟಾಗಲೇ ಹೋಗಿದ್ದುವು. ಬ್ರಿಟನ್ ಹೊರಬಿದ್ದರೆ ಆ ದಾರಿಗೆ ಮತ್ತೆ ತಡಿಕೆ ಕಟ್ಟಬೇಕು. ಕಟ್ಟಿದರೆ ಶಾಂತಿ ಕೆಟ್ಟೀತು. ಕೊನೆಗೆ ಆ ದಾರಿಯನ್ನು ಹಂಚದೆಯೇ ಬಿಡಬೇಕಾಯಿತು. ತಪಾಸಣೆಯನ್ನು ಸಮುದ್ರದ ಮೇಲಕ್ಕೆ ಒಯ್ದು, ಒಂದೇ ರಾಜ್ಯದ ಎರಡು ಭಾಗಗಳ ನಡುವೆ ಸರಕಿನ ಪರೀಕ್ಷೆಯನ್ನು ಇಟ್ಟರು. ಅದರಿಂದ ಎದ್ದ ಅಸಮಾಧಾನವನ್ನು ಶಮನ ಮಾಡಲು ೨೦೨೩ರಲ್ಲಿ ವಿಂಡ್ಸರ್ ಒಪ್ಪಂದವೆಂಬ ಇನ್ನೊಂದು ಏರ್ಪಾಡು ಬೇಕಾಯಿತು.

ನೀರಿನ ವಿಷಯವೂ ಹಾಗೆಯೇ. ನಮ್ಮ ಕಡಲು, ನಮ್ಮ ಮೀನು ಎಂದು ಬೆಸ್ತರು ಹುಮ್ಮಸ್ಸಿನಿಂದ ಬಿಡುವ ಪಕ್ಷವನ್ನು ಹಿಡಿದರು. ಆದರೆ ಮೀನು ಗಡಿಯನ್ನು ಅರಿಯದು. ಹಿಡಿದ ಮೀನನ್ನು ಹೆಚ್ಚಾಗಿ ಕೊಳ್ಳುವವರೂ ಯೂರೋಪಿನವರೇ. ೨೦೨೦ರ ಕರಾರಿನಲ್ಲಿ ಐರೋಪ್ಯರ ಪಾಲಿನಿಂದ ಕಾಲು ಭಾಗವು ಹಂತಹಂತವಾಗಿ ಬ್ರಿಟನ್ನಿಗೆ ಬಂದಿತು. ಮಿಕ್ಕುದನ್ನು ಕೂಡಿ ಬಳಸುವುದೆಂದಾಯಿತು. ೨೦೨೫ರ ಮೇ ತಿಂಗಳಲ್ಲಿ ಆ ಏರ್ಪಾಡನ್ನು ೨೦೩೮ರವರೆಗೆ ಮುಂದುವರಿಸಲು ಉಭಯರೂ ಒಪ್ಪಿದರು. ಬಾವಿಯನ್ನು ಸರದಿಯ ಮೇಲೆ ಬಳಸಿರೆಂದು ವಿಜ್ಞಾನೇಶ್ವರನು ಹೇಳಿದ ನ್ಯಾಯಕ್ಕೇ ಕೊನೆಗೆ ಬಂದು ನಿಂತರು.

ಫಲವೇನಾಯಿತೆಂದು ನ್ಯಾಯವಾಗಿ ಹೇಳಬೇಕಾದರೆ ಎರಡು ಕಡೆಗೂ ಸಾಕ್ಷ್ಯವುಂಟು. ಸರಕಾರದ ಆಯವ್ಯಯವನ್ನು ಸ್ವತಂತ್ರವಾಗಿ ಪರೀಕ್ಷಿಸುವ ಅಲ್ಲಿಯ ಕಚೇರಿಯು, ಉಳಿದಿದ್ದರೆ ಇರಬಹುದಾಗಿದ್ದುದಕ್ಕಿಂತ ದೇಶದ ಉತ್ಪಾದಕತೆಯು ದೀರ್ಘಕಾಲದಲ್ಲಿ ನೂರಕ್ಕೆ ೪ರಷ್ಟು ಕಡಮೆಯಾಗುವುದೆಂದು ಅಂದಾಜು ಮಾಡಿತು. ಇದು ಇರುವ ಪಕ್ಷಕ್ಕೆ ಸಾಕ್ಷಿ. ಒಳಗಿದ್ದಾಗ ಪ್ರತ್ಯೇಕವಾಗಿ ಮಾಡಲಾಗದಿದ್ದ ಕರಾರುಗಳನ್ನು ಬ್ರಿಟನ್ ಮಾಡಿಕೊಂಡಿತು. ೨೦೨೫ರ ಜುಲೈ ೨೪ರಂದು ನಮ್ಮ ಭಾರತದೊಡನೆಯೇ ವ್ಯಾಪಾರದ ಒಪ್ಪಂದಕ್ಕೆ ಸಹಿಯಾಯಿತು. ಇದು ಬಿಡುವ ಪಕ್ಷಕ್ಕೆ ಸಾಕ್ಷಿ. ಬರುವ ಜನರ ಸಂಖ್ಯೆಯನ್ನು ತಗ್ಗಿಸುವೆವೆಂದ ಮಾತು ಮಾತ್ರ ತಲೆಕೆಳಗಾಯಿತು. ಯೂರೋಪಿನಿಂದ ಬರುವವರು ಕಡಮೆಯಾಗಿ, ಭಾರತ, ನೈ಼ಜೀರಿಯಾ ಮೊದಲಾದ ದೇಶಗಳಿಂದ ಬರುವವರು ಹೆಚ್ಚಿದರು. ಜನಮತಗಣನೆಗೆ ಮುಂಚೆ ವರ್ಷಕ್ಕೆ ಮೂರು ಲಕ್ಷದ ಆಸುಪಾಸಿನಲ್ಲಿದ್ದ ನಿವ್ವಳ ವಲಸೆಯು, ೨೦೨೩ರ ಮಧ್ಯಭಾಗಕ್ಕೆ ಮುಗಿದ ವರ್ಷದಲ್ಲಿ ಒಂಬತ್ತು ಲಕ್ಷವನ್ನು ದಾಟಿ, ಆ ಬಳಿಕ ಇಳಿಯಿತು. ಆದರೂ ಇದರಲ್ಲಿ ಒಂದು ಸೂಕ್ಷ್ಮವುಂಟು: ಆ ಬಾಗಿಲನ್ನು ತೆರೆದವರು ಈ ಸಲ ಲಂಡನ್ನಿನ ಮಂತ್ರಿಗಳೇ. ಜನರಿಗೆ ಕೋಪ ಬಂದರೆ ಅವರನ್ನು ಇಳಿಸಬಹುದಾಗಿತ್ತು. ೨೦೨೪ರ ಚುನಾವಣೆಯಲ್ಲಿ ಆ ಪಕ್ಷವನ್ನು ಇಳಿಸಿಯೂ ಇಳಿಸಿದರು. ‘ತೀರ್ಮಾನ ಯಾರದು?’ ಎಂಬ ಮೊದಲ ಪ್ರಶ್ನೆಗೆ ಇದು ಉತ್ತರವೇ ಸರಿ, ‘ಯೋಗಕ್ಷೇಮ ಹೇಗೆ?’ ಎಂಬ ಎರಡನೆಯದಕ್ಕೆ ಮಾತ್ರ ಅಲ್ಲ.

ಹಾಗಾದರೆ ಸಿದ್ಧಾಂತವೇನು? ಬಿಡುವ ಹಕ್ಕು ಇರಲೇಬೇಕೆಂಬುದು ನನ್ನ ಮತ. ಹೊರಬಾಗಿಲಿಲ್ಲದ ಮನೆಗೆ ಸೆರೆಮನೆಯೆಂದು ಹೆಸರು. ಅಮೆರಿಕದ ದಕ್ಷಿಣ ಸಂಸ್ಥಾನಗಳು ೧೮೬೧ರಲ್ಲಿ ತಮ್ಮ ಒಕ್ಕೂಟವನ್ನು ಬಿಡುವೆವೆಂದಾಗ ನಾಲ್ಕು ವರ್ಷ ರಕ್ತ ಹರಿಯಿತು. ಅಲ್ಲಿ ಬಿಡಹೊರಟವರ ಉದ್ದೇಶವು ಗುಲಾಮಗಿರಿಯನ್ನು ಕಾಯುವುದಾಗಿತ್ತೆಂಬುದು ಬೇರೆಯ ಮಾತು. ಐರೋಪ್ಯ ಒಕ್ಕೂಟವಾದರೋ ಸದಸ್ಯನು ಹೇಗೆ ಹೊರಹೋಗಬಹುದೆಂಬುದನ್ನು ೨೦೦೯ರಲ್ಲಿ ಜಾರಿಗೆ ಬಂದ ತನ್ನ ಒಪ್ಪಂದದಲ್ಲಿಯೇ ಬರೆದಿಟ್ಟಿತು. ಅದಕ್ಕೂ ಮುಂಚೆ, ೧೯೮೫ರಲ್ಲಿ, ಡೆನ್ಮಾರ್ಕಿಗೆ ಸೇರಿದ ಗ್ರೀನ್‌ಲೆಂಡು ಮೀನುಗಾರಿಕೆಯ ಕಾರಣದಿಂದ ಸಮಾಧಾನವಾಗಿಯೇ ಹೊರನಡೆದಿತ್ತು. ಯುದ್ಧವಿಲ್ಲದೆ, ಕಾಗದಪತ್ರಗಳಿಂದಲೇ ಬ್ರಿಟನ್ನೂ ಹೊರಬಂದಿತು. ಶತಮಾನಗಳ ಕಾಲ ಕಾದಾಡಿದ ಖಂಡದಲ್ಲಿ ಇದು ಕೂಟಕ್ಕೂ ಗೌರವ, ವಿಭಾಗಕ್ಕೂ ಗೌರವ.

ಆದರೆ ಹಕ್ಕನ್ನು ಚಲಾಯಿಸುವುದಕ್ಕೆ ಒಂದು ಕ್ರಮವಿರಬೇಕು. ಬಿಡುವೆನೆಂಬುವನು ಎಲ್ಲಿಗೆ ಹೋಗುವೆನೆಂಬುದನ್ನೂ ಹೇಳಿ, ಆ ಎರಡನ್ನೂ ಸೇರಿಸಿ ಮನೆಮಂದಿಯನ್ನು ಕೇಳಬೇಕು. ಹಂಚಲಾಗದ ನೀರು ಯಾವುದು, ದಾರಿ ಯಾವುದು ಎಂಬುದನ್ನು ಮೊದಲು ಬರೆದುಕೊಂಡು, ಆಮೇಲೆ ಹೊಲಗದ್ದೆಗಳ ಅಳತೆಗೆ ಹಗ್ಗ ಹಿಡಿಯಬೇಕು. ಬ್ರಿಟನ್ನಿನಲ್ಲಿ ಈ ಕ್ರಮವು ಹಿಂದುಮುಂದಾಯಿತು. ಅದರ ದಂಡವನ್ನು ತೆತ್ತವರು ಬಂಡಿಯ ಮೇಲೆ ಬರೆಯಿಸಿದವರೂ ಅಲ್ಲ, ಖಜಾನೆಯಲ್ಲಿ ಕುಳಿತು ಹೆದರಿಸಿದವರೂ ಅಲ್ಲ; ಗಡಿಯಲ್ಲಿ ಹಾಲು ಮಾರುವವನು, ಬಂದರಿನಲ್ಲಿ ಮೀನಿನ ಲಾರಿಯೊಡನೆ ಕಾದು ನಿಂತವನು, ಹದಿನೈದು ವರ್ಷ ರೋಗಿಗಳ ಹಾಸಿಗೆಯ ಬಳಿ ನಿಂತು ಮತವಿಲ್ಲದೆ ಹೋದ ಪರದೇಶದ ಹೆಣ್ಣುಮಗಳು.

ಕೂಡಿ ಬಾಳುವ ಮನೆಗಳೂ, ಬೇರೆಯಾದ ಮನೆಗಳೂ ವಾಚಕರ ಕೇರಿಯಲ್ಲಿ ಇದ್ದೇ ಇರುತ್ತವೆ. ಬೇರೆಯಾದ ಮೇಲೂ ಬಾವಿಕಟ್ಟೆಯಲ್ಲಿ ಮಾತನಾಡಿಕೊಳ್ಳುವ ಅಣ್ಣತಮ್ಮಂದಿರನ್ನು ಕಂಡಾಗ ನನಗೆ ಸಂತೋಷವಾಗುತ್ತದೆ. ಕೂಡಿಯೇ ಇದ್ದು ಮಾತು ಬಿಟ್ಟವರನ್ನು ಕಂಡಾಗ ಸಂಕಟವಾಗುತ್ತದೆ. ದೇಶಗಳ ವಿಷಯದಲ್ಲಿಯೂ ಇದೇ ಒರೆಗಲ್ಲು ಸಾಕೆಂದು ತೋರುತ್ತದೆ. ಇಷ್ಟನ್ನು ವಾಚಕರ ವಿಚಾರಕ್ಕೆ ಒಪ್ಪಿಸಿ ವಿರಮಿಸುತ್ತೇನೆ.